ಕ್ಲಿಂಗಾನ್ ಭಾಷೆಯಲ್ಲಿ ಪರೋಕ್ಷ ಪ್ರಶ್ನೆ

ಒಂದು ಪ್ರಶ್ನೆಯನ್ನು ಎದುರಿನವರಿಗೆ ನೇರವಾಗಿ ಹಾಕದೆ ಇನ್ನೊಂದು ವಾಕ್ಯದ ಅಂಗವಾಗಿ ಹೇಳುವ ರಚನೆಯೇ ಪರೋಕ್ಷ ಪ್ರಶ್ನೆ. “ನೌಕೆಯನ್ನು ಯಾರು ನಾಶಮಾಡಿದರು?” ಎಂಬುದು ನೇರ ಪ್ರಶ್ನೆ. “ನೌಕೆಯನ್ನು ಯಾರು ನಾಶಮಾಡಿದರೆಂದು ನನಗೆ ಗೊತ್ತು” ಎಂದಾಗ ಅದೇ ಪ್ರಶ್ನೆ ‘ಗೊತ್ತು’ ಎಂಬುದರ ಆಶ್ರಯದಲ್ಲಿ ನಿಲ್ಲುತ್ತದೆ. ಅದನ್ನು ಕೇಳಿದವರು ಉತ್ತರ ಕೊಡಬೇಕಾಗಿಲ್ಲ. ಕನ್ನಡ, ಇಂಗ್ಲಿಷ್, ಲ್ಯಾಟಿನ್, ಜಪಾನಿ ಮುಂತಾದ ಭಾಷೆಗಳಲ್ಲಿ ಇದಕ್ಕೆ ಸಿದ್ಧವಾದ ದಾರಿಗಳಿವೆ. ‘ಸ್ಟಾರ್ ಟ್ರೆಕ್’ ಚಲನಚಿತ್ರಗಳಿಗಾಗಿ ಹುಟ್ಟಿದ ಕ್ಲಿಂಗಾನ್ ಭಾಷೆಯ ಮೂಲ ವ್ಯಾಕರಣದಲ್ಲಿ ಇದಕ್ಕೆ ಮೀಸಲಾದ ರಚನೆಯಿಲ್ಲ. ಆ ಭಾಷೆಯನ್ನು ಕಲಿತವರು ಪರೋಕ್ಷ ಪ್ರಶ್ನೆಯ ಅರ್ಥವನ್ನು ಬೇರೆ ಬೇರೆ ಹಾದಿಗಳಲ್ಲಿ ಹೇಳುತ್ತಾರೆ. ಹಾಗೆ ಹೇಳುವಾಗ, ಪ್ರಶ್ನೆ ಬೇರೆ, ಅದರ ಉತ್ತರ ಬೇರೆ ಎಂಬ ಭೇದವನ್ನು ಪ್ರತಿಸಲವೂ ಗಮನಿಸಬೇಕಾಗುತ್ತದೆ. ಇತರ ಭಾಷೆಗಳು ಮುಚ್ಚಿಡುವ ಈ ಭೇದವನ್ನು ಕ್ಲಿಂಗಾನ್ ಬಯಲಿಗೆ ತರುವುದರಿಂದ ವಿಷಯ ಭಾಷಾವಿಜ್ಞಾನದ ದೃಷ್ಟಿಯಿಂದಲೂ ಮುಖ್ಯ.

ಭಾಷೆಯ ಹಿನ್ನೆಲೆ

1979ರ ‘ಸ್ಟಾರ್ ಟ್ರೆಕ್: ದ ಮೋಷನ್ ಪಿಕ್ಚರ್’ ಚಿತ್ರದಲ್ಲಿ ಕ್ಲಿಂಗಾನ್ ಯೋಧರು ಆಡಿದ ಕೆಲವೇ ಮಾತುಗಳನ್ನು ರೂಪಿಸಿದವರಲ್ಲಿ ನಟ ಜೇಮ್ಸ್ ಡೂಹನ್ ಪ್ರಮುಖರು. ಆ ಕೆಲವು ಧ್ವನಿಗಳನ್ನು ಅಡಿಪಾಯವಾಗಿಟ್ಟುಕೊಂಡು ಪೂರ್ಣ ಭಾಷೆಯನ್ನು ಕಟ್ಟಿದವರು ಅಮೆರಿಕದ ಭಾಷಾವಿಜ್ಞಾನಿ ಮಾರ್ಕ್ ಓಕ್ರಾಂಡ್. ಕ್ಯಾಲಿಫೋರ್ನಿಯಾದ ಮೂಲನಿವಾಸಿ ಭಾಷೆಯಾದ ಮುತ್ಸುನ್‌ನ ವ್ಯಾಕರಣದ ಮೇಲೆ ಅವರು ಬರ್ಕ್ಲಿಯಲ್ಲಿ 1977ರಲ್ಲಿ ಡಾಕ್ಟರೇಟ್ ಪಡೆದಿದ್ದರು. 1984ರ ‘ಸ್ಟಾರ್ ಟ್ರೆಕ್ 3: ದ ಸರ್ಚ್ ಫಾರ್ ಸ್ಪಾಕ್’ ಚಿತ್ರಕ್ಕಾಗಿ ಅವರು ಕ್ಲಿಂಗಾನ್ ಸಂಭಾಷಣೆಗಳನ್ನು ರಚಿಸಿದರು. 1985ರಲ್ಲಿ ‘ದ ಕ್ಲಿಂಗಾನ್ ಡಿಕ್ಷನರಿ’ ಹೊರಬಂತು. ಅನುಬಂಧ ಸೇರಿದ ಎರಡನೆಯ ಆವೃತ್ತಿ 1992ರದು. ಹೆಸರು ನಿಘಂಟು ಎಂದಿದ್ದರೂ ಪುಸ್ತಕದ ಮೊದಲ ಭಾಗವೇ ವ್ಯಾಕರಣ.

ಭಾಷೆಗೆ ಅಧಿಕೃತವಾಗಿ ಹೊಸದನ್ನು ಸೇರಿಸುವವರು ಓಕ್ರಾಂಡ್ ಮಾತ್ರ ಎಂಬ ಕಟ್ಟುಪಾಡನ್ನು ಕಲಿಯುವವರ ಬಳಗ ಸ್ವತಃ ಒಪ್ಪಿಕೊಂಡಿದೆ. 1984ರ ಚಿತ್ರದಲ್ಲಿ ಸೆರೆಸಿಕ್ಕ ಮಾಲ್ಟ್ಸ್ ಎಂಬ ಕ್ಲಿಂಗಾನ್ ಪಾತ್ರವೇ ತಮ್ಮ ಮಾಹಿತಿದಾರ ಎಂಬ ಕಲ್ಪನೆಯನ್ನು ಓಕ್ರಾಂಡ್ ಉಳಿಸಿಕೊಂಡು ಬಂದಿದ್ದಾರೆ. ಈ ಕಲ್ಪನೆಯ ಪ್ರಕಾರ ಅವರು ಭಾಷೆಯ ಕರ್ತೃವಲ್ಲ, ಅದನ್ನು ವಿವರಿಸುವ ಕ್ಷೇತ್ರಾಧ್ಯಯನಕಾರ. 1992ರಲ್ಲಿ ಲಾರೆನ್ಸ್ ಷೋನ್ ಸ್ಥಾಪಿಸಿದ ಕ್ಲಿಂಗಾನ್ ಲ್ಯಾಂಗ್ವೇಜ್ ಇನ್‌ಸ್ಟಿಟ್ಯೂಟ್ ಅದೇ ವರ್ಷ ‘ಹೊಲ್‌ಕೆಡ್’ ಎಂಬ ತ್ರೈಮಾಸಿಕವನ್ನು ಆರಂಭಿಸಿತು. ವ್ಯಾಕರಣದ ಸೂಕ್ಷ್ಮಗಳ ಚರ್ಚೆಗೆ ಆ ಪತ್ರಿಕೆ ವೇದಿಕೆಯಾಯಿತು. ಪ್ರಶ್ನೆಯೊಂದು ಮತ್ತೊಂದು ಕ್ರಿಯಾಪದದ ಕರ್ಮವಾಗಬಲ್ಲದೇ ಎಂಬುದು ಈ ಬಳಗದಲ್ಲಿ ಅತಿ ದೀರ್ಘಕಾಲ ನಡೆದ ವಾದಗಳಲ್ಲೊಂದು.

ಲಿಪ್ಯಂತರದ ಕ್ರಮ

ಕ್ಲಿಂಗಾನ್‌ನಲ್ಲಿ 21 ವ್ಯಂಜನಗಳೂ 5 ಸ್ವರಗಳೂ ಇವೆ. ಈ ಲೇಖನದಲ್ಲಿ ಮೂರ್ಧನ್ಯ ಧ್ವನಿಗಳನ್ನು ‘ಡ’ ಮತ್ತು ‘ಷ’ ಎಂದು ಬರೆಯಲಾಗಿದೆ. ಕನ್ನಡಿಗರಿಗೆ ಅವುಗಳ ಉಚ್ಚಾರಣೆ ಹೊಸದಲ್ಲ. ಕಿರುನಾಲಿಗೆಯಿಂದ ಹೊರಡುವ ಎರಡು ಧ್ವನಿಗಳಲ್ಲಿ ಹಗುರವಾದುದು ‘ಕ’, ಒರಟಾದುದು ‘ಖ’. ನಾಲಿಗೆಯ ಬದಿಯಿಂದ ಸಿಡಿಯುವ ಧ್ವನಿ ‘ಟ್ಲ’. ಗಂಟಲನ್ನು ಕ್ಷಣಕಾಲ ಬಿಗಿದು ಬಿಡುವ ಧ್ವನಿಗೆ ’ ಎಂಬ ಗುರುತು. ಕ್ಲಿಂಗಾನ್‌ನಲ್ಲಿ ಅದು ಪೂರ್ಣ ಪ್ರಮಾಣದ ವ್ಯಂಜನ. ಎರಡು ಬಗೆಯ ವಕಾರಗಳನ್ನೂ ‘ವ’ ಎಂದೇ ಬರೆಯಲಾಗಿದೆ. ಉದಾಹರಣೆ ವಾಕ್ಯಗಳೆಲ್ಲ ಈ ಲೇಖನಕ್ಕಾಗಿಯೇ ರಚಿಸಿದವು.

ವಾಕ್ಯದ ಕಟ್ಟು ಮತ್ತು ನೇರ ಪ್ರಶ್ನೆ

ಕ್ಲಿಂಗಾನ್ ವಾಕ್ಯದಲ್ಲಿ ಮೊದಲು ಕರ್ಮ, ನಡುವೆ ಕ್ರಿಯಾಪದ, ಕೊನೆಯಲ್ಲಿ ಕರ್ತೃ. ಲೋಕದ ಭಾಷೆಗಳಲ್ಲಿ ಬಲು ವಿರಳವಾದ ಈ ಕ್ರಮವನ್ನು ಓಕ್ರಾಂಡ್ ಬೇಕೆಂದೇ ಆರಿಸಿದರು. “ಯಷ್ ಲೆಘ್ ಹೊಡ್” ಎಂದರೆ ‘ಅಧಿಕಾರಿಯನ್ನು ನೋಡುತ್ತಾನೆ ಕಪ್ತಾನ’. ಕ್ರಿಯಾಪದದ ಹಿಂದೆ ಬರುವ 29 ಪೂರ್ವಪ್ರತ್ಯಯಗಳು ಕರ್ತೃ ಮತ್ತು ಕರ್ಮ ಎರಡನ್ನೂ ಒಟ್ಟಿಗೆ ಸೂಚಿಸುತ್ತವೆ. ‘ವಿ-’ ಇದ್ದರೆ ‘ನಾನು ಅದನ್ನು’, ‘ಡ-’ ಇದ್ದರೆ ‘ನೀನು ಅದನ್ನು’, ‘ಜಿ-’ ಇದ್ದರೆ ಕರ್ಮವಿಲ್ಲದ ‘ನಾನು’. ‘ಷೊವ್’ ಎಂಬುದು ‘ತಿಳಿದಿರು’ ಎಂಬ ಧಾತು. “ವಿಷೊವ್” ಎಂದರೆ ‘ಅದು ನನಗೆ ಗೊತ್ತು’, ನಿಷೇಧದ ‘-ಬೆ’’ ಸೇರಿದಾಗ “ವಿಷೊವ್‌ಬೆ’”, ‘ಅದು ನನಗೆ ಗೊತ್ತಿಲ್ಲ’.

ಹೌದು ಅಥವಾ ಇಲ್ಲ ಎಂಬ ಉತ್ತರ ಬಯಸುವ ಪ್ರಶ್ನೆಗೆ ಕ್ರಿಯಾಪದದ ಕೊನೆಗೆ ‘-’ಅ’’ ಪ್ರತ್ಯಯ ಹತ್ತುತ್ತದೆ: “ಯಷ್ ಲೆಘ್’ಅ’ ಹೊಡ್?”, ‘ಕಪ್ತಾನ ಅಧಿಕಾರಿಯನ್ನು ನೋಡುತ್ತಾನೆಯೇ?’ ವಿವರ ಬಯಸುವ ಪ್ರಶ್ನೆಗಳಿಗೆ ಏಳು ಪ್ರಶ್ನಾರ್ಥಕಗಳಿವೆ: ‘’ಇವ್’ (ಯಾರು), ‘ನುಕ್’ (ಏನು), ‘ನುಕ್‌ಡಕ್’ (ಎಲ್ಲಿ), ‘ಘೊರ್ಘ್’ (ಯಾವಾಗ), ‘ಕಟ್ಲ್’ (ಏಕೆ), ‘ಚಯ್’’ (ಹೇಗೆ), ‘’ಅರ್’ (ಎಷ್ಟು). ಇವುಗಳಲ್ಲಿ ‘’ಇವ್’ ಮತ್ತು ‘ನುಕ್’ ಉತ್ತರವಾಗಿ ಬರಬೇಕಾದ ನಾಮಪದದ ಜಾಗದಲ್ಲೇ ಕೂರುತ್ತವೆ. “ನುಕ್ ಲೆಘ್ ಯಷ್?” ಎಂದರೆ ‘ಅಧಿಕಾರಿ ಏನನ್ನು ನೋಡುತ್ತಾನೆ?’, “ಯಷ್ ಲೆಘ್ ’ಇವ್?” ಎಂದರೆ ‘ಅಧಿಕಾರಿಯನ್ನು ಯಾರು ನೋಡುತ್ತಾರೆ?’ ‘’ಅರ್’ ತಾನು ಎಣಿಸುವ ನಾಮಪದದ ಬೆನ್ನಿಗೆ ಬರುತ್ತದೆ. ಉಳಿದವು ವಾಕ್ಯದ ಆದಿಯಲ್ಲಿ.

ಇಂಗ್ಲಿಷ್‌ನಲ್ಲಿ ನೇರ ಪ್ರಶ್ನೆಗೂ ಪರೋಕ್ಷ ಪ್ರಶ್ನೆಗೂ ಪದಕ್ರಮವೇ ಬೇರೆ. ಕ್ಲಿಂಗಾನ್‌ನಲ್ಲಿ ಪ್ರಶ್ನೆಗೆಂದು ಪದಕ್ರಮ ತಲೆಕೆಳಗಾಗುವುದಿಲ್ಲ. ಆದ್ದರಿಂದ ‘ಇಲ್ಲಿ ನಾನು ಕೇಳುತ್ತಿಲ್ಲ, ಪ್ರಶ್ನೆಯ ಕುರಿತು ಹೇಳುತ್ತಿದ್ದೇನೆ’ ಎಂದು ಸೂಚಿಸಲು ಪದಕ್ರಮ ನೆರವಾಗದು. ಇನ್ನೊಂದು ಮುಖ್ಯ ಸಂಗತಿ: ಇಂಗ್ಲಿಷ್‌ನಲ್ಲಿ ‘ಯಾರು’ ಎಂಬ ಅರ್ಥದ ಪದವೇ ‘ಬಂದ ವ್ಯಕ್ತಿ’ ಎಂಬಂಥ ಸಂಬಂಧಸೂಚಕ ರಚನೆಯಲ್ಲೂ ಬರುತ್ತದೆ. ನಿಘಂಟು ವಿವರಿಸುವ ಕ್ಲಿಂಗಾನ್‌ನಲ್ಲಿ ಪ್ರಶ್ನಾರ್ಥಕಗಳ ಕೆಲಸ ಪ್ರಶ್ನೆ ಕೇಳುವುದಷ್ಟೆ.

ವಾಕ್ಯವೇ ಕರ್ಮವಾದಾಗ

‘ಶತ್ರು ನೌಕೆಯನ್ನು ನಾಶಮಾಡಿದನೆಂದು ನನಗೆ ಗೊತ್ತು’ ಎಂಬ ಹೇಳಿಕೆಗೆ ಕ್ಲಿಂಗಾನ್‌ನಲ್ಲಿ ತೊಡಕಿಲ್ಲ. ಮೊದಲು ಒಂದು ಪೂರ್ಣ ವಾಕ್ಯ; ಅದರ ಹಿಂದೆಯೇ ‘’ಎ’’ ಎಂಬ ವಿಶೇಷ ಸರ್ವನಾಮ; ಆಮೇಲೆ ಎರಡನೆಯ ಕ್ರಿಯಾಪದ:

“ಡುಜ್ ಖವ್’ಪು’ ಜಘ್ ’ಎ’ ವಿಷೊವ್.”

ಪದಶಃ ಇದು ‘ಶತ್ರು ನೌಕೆಯನ್ನು ನಾಶಮಾಡಿದ್ದಾನೆ, ಆ ಮಾತು ನನಗೆ ಗೊತ್ತು’. ಹಿಂದಿನ ವಾಕ್ಯವನ್ನು ಇಡಿಯಾಗಿ ಎತ್ತಿ ಎರಡನೆಯ ಕ್ರಿಯಾಪದದ ಕರ್ಮವಾಗಿ ಕೊಡುವುದು ‘’ಎ’’ಯ ಕೆಲಸ. ತಿಳಿದವರು ಇಂಥವರೇ ಎಂದು ಹೇಳಬೇಕಿಲ್ಲದಿದ್ದರೆ ಅದರ ಬದಲು ‘ನೆತ್’ ಬರುತ್ತದೆ: “ಡುಜ್ ಖವ್’ಪು’ ಜಘ್ ನೆತ್ ಷೊವ್”, ‘ಶತ್ರು ನೌಕೆಯನ್ನು ನಾಶಮಾಡಿದ್ದು ತಿಳಿದ ವಿಷಯ’. ಈ ರಚನೆಗೆ ಕೆಲವು ಷರತ್ತುಗಳಿವೆ. ಎರಡನೆಯ ಕ್ರಿಯಾಪದಕ್ಕೆ ಕ್ರಿಯೆಯ ಪೂರ್ಣತೆ ಅಥವಾ ಮುಂದುವರಿಕೆಯನ್ನು ಹೇಳುವ ಪ್ರತ್ಯಯ ಹತ್ತಬಾರದು. ‘ಬಯಸು’ ಎಂಬರ್ಥದ ‘ನೆಹ್’ ಮತ್ತು ಮಾತನ್ನು ಉದ್ಧರಿಸುವ ‘ಜಟ್ಲ್’ (ಹೇಳು), ‘ಜ’’ (ತಿಳಿಸು) ಕ್ರಿಯಾಪದಗಳ ಜೊತೆ ‘’ಎ’’ ಬಳಸುವುದಿಲ್ಲ.

ವಿವಾದದ ತಿರುಳು

ಹೇಳಿಕೆಯ ಜಾಗದಲ್ಲಿ ಪ್ರಶ್ನೆಯನ್ನಿಟ್ಟರೆ ಏನಾಗುತ್ತದೆ? “ಡುಜ್ ಖವ್’ಪು’ ’ಇವ್ ’ಎ’ ವಿಷೊವ್” ಎಂದು ಬರೆಯುವ ಆಸೆ ಪ್ರತಿ ವಿದ್ಯಾರ್ಥಿಗೂ ಒಂದಲ್ಲ ಒಂದು ದಿನ ಹುಟ್ಟುತ್ತದೆ. ಹೊರನೋಟಕ್ಕೆ ಅದು ‘ನೌಕೆಯನ್ನು ಯಾರು ನಾಶಮಾಡಿದರೆಂದು ನನಗೆ ಗೊತ್ತು’ ಎಂಬುದಕ್ಕೆ ಸರಿಹೊಂದುವಂತೆ ಕಾಣುತ್ತದೆ. ಕನ್ನಡಿಗ ವಿದ್ಯಾರ್ಥಿಗೆ ಈ ಸೆಳೆತ ಇನ್ನೂ ಬಲವಾದದ್ದು. ‘ಎಂಬುದು’ ಎಂಬ ನಮ್ಮ ಪದ ‘’ಎ’’ಯ ಹಾಗೆಯೇ ಹಿಂದಿನ ವಾಕ್ಯವನ್ನು ಎತ್ತಿಕೊಡುತ್ತದೆ. ಆದರೆ ಅದು ‘ಶತ್ರು ಬಂದನೆಂಬುದು’, ‘ಯಾರು ಬಂದರೆಂಬುದು’ ಎರಡನ್ನೂ ಆಕ್ಷೇಪವಿಲ್ಲದೆ ಒಪ್ಪುತ್ತದೆ.

ಕ್ಲಿಂಗಾನ್‌ನಲ್ಲಿ ಇದಕ್ಕೆ ಎದುರಾಗುವ ಆಕ್ಷೇಪಗಳು ಮೂರು. ಒಂದು, ಆಧಾರದ್ದು: ‘ದ ಕ್ಲಿಂಗಾನ್ ಡಿಕ್ಷನರಿ’ ಈ ರಚನೆಗೆ ಕೊಡುವ ಉದಾಹರಣೆಗಳಲ್ಲಿ ‘’ಎ’’ಯ ಹಿಂದೆ ಬರುವುದು ಹೇಳಿಕೆ, ಪ್ರಶ್ನೆಯನ್ನು ಹೀಗೆ ಬಳಸಬಹುದೆಂದು ಅಲ್ಲಿ ಬರೆದಿಲ್ಲ. ಎರಡು, ಅರ್ಥದ್ದು: ಪ್ರಶ್ನಾರ್ಥಕ ಪದ ಎಲ್ಲಿದ್ದರೂ ಅದು ಇಡೀ ಮಾತನ್ನು ಪ್ರಶ್ನೆಯಾಗಿಸುತ್ತದೆ ಎಂದುಕೊಂಡರೆ ಮೇಲಿನ ವಾಕ್ಯದ ಅರ್ಥ ‘ಯಾರು ನೌಕೆಯನ್ನು ನಾಶಮಾಡಿದ್ದು ನನಗೆ ತಿಳಿದಿದೆ?’ ಎಂದಾಗುತ್ತದೆ, ಹೇಳಿದವನು ಕೇಳಿದವನಾಗುತ್ತಾನೆ. ಮೂರು, ತರ್ಕದ್ದು: ‘’ಎ’’ ಎತ್ತಿಕೊಡುವುದು ನಿಜವೋ ಸುಳ್ಳೋ ಆಗಬಲ್ಲ ಒಂದು ಸಂಗತಿಯನ್ನು. ಪ್ರಶ್ನೆಗೆ ನಿಜ ಸುಳ್ಳುಗಳಿಲ್ಲ. ಹಾಗಾಗಿ ಪ್ರಶ್ನೆಯನ್ನು ‘ತಿಳಿದಿರುವುದು’ ಎಂದರೆ ಏನೆಂಬುದೇ ತೀರ್ಮಾನವಾಗಬೇಕಾದ ವಿಷಯ.

ರಚನೆಯನ್ನು ಬೆಂಬಲಿಸುವವರ ವಾದಕ್ಕೂ ತೂಕವಿದೆ. ‘’ಎ’’ಯ ಕುರಿತ ನಿಯಮ ‘ವಾಕ್ಯ’ವೆನ್ನುತ್ತದೆ, ಪ್ರಶ್ನೆಯೂ ವಾಕ್ಯವೇ ತಾನೆ, ಸಂದರ್ಭ ಗೊತ್ತಿದ್ದರೆ ಅರ್ಥವೂ ಕೆಡುವುದಿಲ್ಲ. ಆದರೂ ಎಚ್ಚರದಿಂದ ಬರೆಯುವವರು ಈ ರಚನೆಯಿಂದ ದೂರವುಳಿಯುತ್ತಾರೆ. ತಪ್ಪೆಂದು ಸಾಧಿಸಲಾಗದ್ದನ್ನೂ ಆಧಾರ ಸಿಗುವವರೆಗೆ ಬಳಸದಿರುವ ಈ ಸಂಯಮವೇ ಇಷ್ಟು ವರ್ಷ ಕ್ಲಿಂಗಾನ್ ಒಂದೇ ಭಾಷೆಯಾಗಿ ಉಳಿಯಲು ಕಾರಣ. ಪ್ರತಿಯೊಬ್ಬರೂ ತಮ್ಮ ಮಾತೃಭಾಷೆಯ ನುಡಿಗಟ್ಟನ್ನು ತುಂಬುತ್ತ ಹೋಗಿದ್ದರೆ ಜರ್ಮನ್ನರ ಕ್ಲಿಂಗಾನ್, ಅಮೆರಿಕನ್ನರ ಕ್ಲಿಂಗಾನ್ ಎಂಬ ಕವಲುಗಳು ಒಡೆಯುತ್ತಿದ್ದವು.

ಉತ್ತರ ಬೇಡುವ ಕ್ರಿಯೆ, ಪ್ರಶ್ನೆ ಬೇಡುವ ಕ್ರಿಯೆ

ಈ ಬಿಕ್ಕಟ್ಟನ್ನು ಬಿಡಿಸಲು ಭಾಷಾವಿಜ್ಞಾನದ ಒಂದು ಭೇದ ನೆರವಾಗುತ್ತದೆ. ಲೌರಿ ಕಾರ್ಟುನೆನ್ 1977ರಲ್ಲಿ ಪ್ರಕಟಿಸಿದ ಪ್ರಶ್ನೆಗಳ ಅರ್ಥವಿಚಾರದ ಪ್ರಬಂಧದಲ್ಲಿ ಪರೋಕ್ಷ ಪ್ರಶ್ನೆ ಸೂಚಿಸುವುದು ಅದರ ನಿಜವಾದ ಉತ್ತರಗಳ ಗಣವನ್ನು ಎಂದು ಪ್ರತಿಪಾದಿಸಿದರು. ‘ಯಾರು ಬಂದರೆಂದು ರಾಮನಿಗೆ ಗೊತ್ತು’ ಎಂದರೆ, ಬಂದವಳು ಸೀತೆಯಾಗಿದ್ದರೆ, ‘ಸೀತೆ ಬಂದಳೆಂದು ರಾಮನಿಗೆ ಗೊತ್ತು’ ಎಂದೇ ಅರ್ಥ. ಆಮ್‌ಸ್ಟರ್‌ಡ್ಯಾಮ್‌ನ ಯೆರೂನ್ ಗ್ರೂನೆನ್‌ಡೈಕ್ ಮತ್ತು ಮಾರ್ಟಿನ್ ಸ್ಟೊಕ್‌ಹೊಫ್ 1984ರ ತಮ್ಮ ಅಧ್ಯಯನದಲ್ಲಿ ಇಂಥ ಕ್ರಿಯಾಪದಗಳನ್ನು ಎರಡಾಗಿ ವಿಂಗಡಿಸಿದರು. ತಿಳಿ, ನೆನಪಿಡು, ಮರೆ, ಹೇಳು ಮುಂತಾದವು ಪ್ರಶ್ನೆಯ ಉತ್ತರದ ಜೊತೆ ವ್ಯವಹರಿಸುತ್ತವೆ. ಕೇಳು, ಯೋಚಿಸಿ ನೋಡು, ಕುತೂಹಲಪಡು ಮುಂತಾದವು ಪ್ರಶ್ನೆಯ ಜೊತೆಗೇ ವ್ಯವಹರಿಸುತ್ತವೆ. ಅವು ಇರುವಲ್ಲಿ ಉತ್ತರ ಇನ್ನೂ ಕೈಗೆ ಸಿಕ್ಕಿರುವುದಿಲ್ಲ.

ಕನ್ನಡ ಅಥವಾ ಇಂಗ್ಲಿಷ್ ಈ ಎರಡಕ್ಕೂ ಒಂದೇ ರಚನೆಯನ್ನು ಬಳಸುವುದರಿಂದ ಭೇದ ಕಣ್ಣಿಗೆ ಬೀಳುವುದಿಲ್ಲ. ಕ್ಲಿಂಗಾನ್ ಲೇಖಕರಿಗೆ ಮಾತ್ರ ಅದು ದಿನನಿತ್ಯದ ಪ್ರಶ್ನೆ. ವಾಕ್ಯದ ಕ್ರಿಯಾಪದ ಉತ್ತರವನ್ನು ಬೇಡಿದರೆ ಆ ಉತ್ತರಕ್ಕೆ ಒಂದು ನಾಮಪದವನ್ನು ಹುಡುಕಬೇಕು. ಪ್ರಶ್ನೆಯನ್ನು ಬೇಡಿದರೆ ಪ್ರಶ್ನೆಯನ್ನು ಹಾಗೆಯೇ ಉದ್ಧರಿಸಬೇಕು. ಬಳಕೆಯಲ್ಲಿರುವ ವಿಧಾನಗಳೆಲ್ಲ ಈ ಎರಡು ದಾರಿಗಳಲ್ಲಿ ಅಡಕವಾಗಿವೆ.

ಉತ್ತರವನ್ನು ನಾಮಪದವಾಗಿಸುವುದು

‘ಅದರ ಬೆಲೆ ನನಗೆ ಗೊತ್ತು’ ಎಂದರೆ ‘ಅದರ ಬೆಲೆ ಎಷ್ಟೆಂದು ನನಗೆ ಗೊತ್ತು’ ಎಂದೇ ಅರ್ಥ. ನಾಮಪದದ ವೇಷದಲ್ಲಿರುವ ಇಂಥ ಪ್ರಶ್ನೆಗಳನ್ನು ಭಾಷಾವಿಜ್ಞಾನಿಗಳು ‘ಅಡಗಿದ ಪ್ರಶ್ನೆ’ ಎನ್ನುತ್ತಾರೆ; ಸಿ. ಎಲ್. ಬೇಕರ್ 1968ರ ತಮ್ಮ ಸಂಶೋಧನೆಯಲ್ಲಿ ಇವನ್ನು ಗುರುತಿಸಿದರು. ಕ್ಲಿಂಗಾನ್‌ನಲ್ಲಿ ಪರೋಕ್ಷ ಪ್ರಶ್ನೆಯ ಮುಖ್ಯ ಭಾರವನ್ನು ಹೊರುವುದು ಇವೇ.

ಯಾರು: ಕ್ರಿಯಾಪದಕ್ಕೆ ‘-ಬೊಘ್’ ಪ್ರತ್ಯಯ ಹತ್ತಿದರೆ ಅದು ನಾಮಪದವನ್ನು ವಿಶೇಷಿಸುವ ಉಪವಾಕ್ಯವಾಗುತ್ತದೆ, ಕನ್ನಡದ ‘ನಾಶಮಾಡಿದ’ ಎಂಬ ಕೃದಂತದ ಕೆಲಸಕ್ಕೆ ಇದು ಹತ್ತಿರ. “ಡುಜ್ ಖವ್’ಪು’ಬೊಘ್ ನುವ್” ಎಂದರೆ ‘ನೌಕೆಯನ್ನು ನಾಶಮಾಡಿದ ವ್ಯಕ್ತಿ’. ಇದಕ್ಕೆ “ವಿಷೊವ್” ಸೇರಿಸಿದರೆ ‘ಆ ವ್ಯಕ್ತಿಯ ಪರಿಚಯ ನನಗಿದೆ’ ಎಂಬ ಅರ್ಥಕ್ಕೂ ಎಡೆಯಿದೆ. ಪರಿಚಯವಿದ್ದೂ ಅವನೇ ನಾಶಕನೆಂದು ತಿಳಿಯದಿರಬಹುದು. ಆದ್ದರಿಂದ ಬಲ್ಲವರು ‘ಗುರುತು ಹೇಳು’ ಎಂಬರ್ಥದ ‘ಙು’’ ಧಾತುವನ್ನು ಹಿಡಿಯುತ್ತಾರೆ: “ಡುಜ್ ಖವ್’ಪು’ಬೊಘ್ ನುವ್ ವಿಙು’ಲಹ್”, ‘ನೌಕೆಯನ್ನು ನಾಶಮಾಡಿದವನ ಗುರುತು ಹೇಳಬಲ್ಲೆ’. ಇಲ್ಲವೇ ಹೆಸರನ್ನೇ ಕರ್ಮವಾಗಿಸುತ್ತಾರೆ: “ಡುಜ್ ಖವ್’ಪು’ಬೊಘ್ ನುವ್ ಪೊಙ್ ವಿಷೊವ್”, ‘ನೌಕೆಯನ್ನು ನಾಶಮಾಡಿದವನ ಹೆಸರು ಗೊತ್ತು’. ‘ಯಾರೆಂದು ಹೇಳು’ ಎಂಬ ಆಜ್ಞೆಗೂ ಇದೇ ದಾರಿ: “ಡುಜ್ ಖವ್’ಪು’ಬೊಘ್ ನುವ್ ಯಿಙು’!”

ಏನು: ‘ವಸ್ತು’ ಎಂಬರ್ಥದ ‘ಡೊಚ್’ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ “ಡೊಚ್ ಲೆಘ್‌ಪು’ಬೊಘ್ ಯಷ್” ಎಂದಾಗ ‘ಅಧಿಕಾರಿ ನೋಡಿದ ವಸ್ತು’ ಮತ್ತು ‘ವಸ್ತುವನ್ನು ನೋಡಿದ ಅಧಿಕಾರಿ’ ಎಂಬ ಎರಡು ಅರ್ಥಗಳೂ ಹೊರಡುತ್ತವೆ. ಒತ್ತನ್ನು ಸೂಚಿಸುವ ‘-’ಎ’’ ಎಂಬ ನಾಮಪ್ರತ್ಯಯ ಮುಖ್ಯ ಪದವನ್ನು ಗುರುತಿಸಿ ಸಂದೇಹ ನಿವಾರಿಸುತ್ತದೆ: “ಡೊಚ್’ಎ’ ಲೆಘ್‌ಪು’ಬೊಘ್ ಯಷ್ ವಿಷೊವ್”, ‘ಅಧಿಕಾರಿ ನೋಡಿದ ವಸ್ತು ನನಗೆ ಗೊತ್ತು’. ಈ ಪ್ರತ್ಯಯ ಉಚ್ಚಾರದಲ್ಲಿ ಹಿಂದೆ ಹೇಳಿದ ‘’ಎ’’ ಸರ್ವನಾಮದಂತೆಯೇ ಇದ್ದರೂ ಅದರಿಂದ ಬೇರೆ.

ಎಲ್ಲಿ: ‘ಸ್ಥಳ’ ಎಂಬರ್ಥದ ‘ಡಕ್’ ಸಾಕು. “ಡುಜ್ ಡಕ್ ವಿಷೊವ್‌ಬೆ’”, ‘ನೌಕೆಯಿರುವ ಸ್ಥಳ ಗೊತ್ತಿಲ್ಲ’. ಕ್ರಿಯೆಯೊಂದು ನಡೆದ ಸ್ಥಳವನ್ನು ಹೇಳಹೊರಟಾಗ ಕಷ್ಟ ಎದುರಾಗುತ್ತದೆ. ‘-ಬೊಘ್’ ಉಪವಾಕ್ಯ ಒಲಿಯುವುದು ತನ್ನದೇ ಕರ್ತೃ ಅಥವಾ ಕರ್ಮಕ್ಕೆ. ‘ನಾನು ತಪ್ಪಿಸಿಕೊಂಡು ಬಂದ ನೌಕೆ’ ಎಂಬುದನ್ನು ಕನ್ನಡದ ಕೃದಂತ ಸಲೀಸಾಗಿ ಹೇಳುತ್ತದೆ. ಕ್ಲಿಂಗಾನ್‌ನಲ್ಲಿ ಅದೇ ಒಂದು ಪ್ರತ್ಯೇಕ ಸಮಸ್ಯೆಯಾಗಿ ಹೆಸರು ಮಾಡಿದೆ. ಆಗ ಮಾತನ್ನು ಎರಡು ವಾಕ್ಯಗಳಾಗಿ ಒಡೆಯುವುದೇ ಉಪಾಯ.

ಯಾವಾಗ: ಮುಂದೆ ನಡೆಯಬೇಕಾದ ಕ್ರಿಯೆಯಾದರೆ ಉದ್ದೇಶ ಸೂಚಿಸುವ ‘-ಮೆಹ್’ ಪ್ರತ್ಯಯವನ್ನೂ ‘ಗಂಟೆ’ ಎಂಬರ್ಥದ ‘ರೆಪ್’ ಪದವನ್ನೂ ಕೂಡಿಸಬಹುದು: “ಮೆಜ್‌ಮೆಹ್ ರೆಪ್ ವಿಷೊವ್‌ಬೆ’”, ‘ಹೊರಡುವ ಗಂಟೆ ಗೊತ್ತಿಲ್ಲ’. ನಡೆದುಹೋದ ಘಟನೆಗೆ ಉದ್ದೇಶದ ಪ್ರತ್ಯಯ ಒಗ್ಗದು. ಅಲ್ಲಿ “ಡುಜ್ ಖವ್’ಪು’ ಜಘ್. ರೆಪ್ ವಿಷೊವ್” ಎಂದು ಎರಡಾಗಿ ಹೇಳಬೇಕು.

ಏಕೆ: ‘ಕಾರಣ’ ಎಂಬರ್ಥದ ‘ಮೆಕ್’. “ಜೆಘ್‌ಪು’ ಹೊಡ್. ಮೆಕ್‌ಡಜ್ ವಿಷೊವ್‌ಬೆ’”, ‘ಕಪ್ತಾನ ಶರಣಾಗಿದ್ದಾನೆ. ಅವನ ಕಾರಣ ಗೊತ್ತಿಲ್ಲ’. ಸಂಗತಿಯನ್ನು ಮೊದಲು ಒಪ್ಪಿಕೊಂಡು ಬಳಿಕ ಅದರ ಕಾರಣದ ಮಾತೆತ್ತುವ ಈ ಕ್ರಮದಲ್ಲಿ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬುದು ನಿಚ್ಚಳವಾಗುತ್ತದೆ.

ಹೇಗೆ: ‘ವಿಧಾನ’ ಎಂಬರ್ಥದ ‘ಮಿವ್’. “ಡುಜ್ ತಿ’ಮೆಹ್ ಮಿವ್ ವಿಷೊವ್”, ‘ನೌಕೆಯನ್ನು ದುರಸ್ತಿ ಮಾಡುವ ವಿಧಾನ ಗೊತ್ತು’. ‘ಹೇಗೆ ಮಾಡುವುದೆಂದು ಗೊತ್ತು’ ಎಂಬ ಕೌಶಲದ ಅರ್ಥಕ್ಕೆ ಈ ರಚನೆ ಚೆನ್ನಾಗಿ ಹೊಂದುತ್ತದೆ.

ಎಷ್ಟು: ‘ಸಂಖ್ಯೆ’ ಎಂಬರ್ಥದ ‘ಮಿ’’. “ಜಘ್ ಡುಜ್‌ಮೆಯ್ ಮಿ’ ವಿಷೊವ್”, ‘ಶತ್ರು ನೌಕೆಗಳ ಸಂಖ್ಯೆ ಗೊತ್ತು’.

ಉತ್ತರಕ್ಕೆ ಸೂಕ್ತ ನಾಮಪದ ಸಿಗದೆಹೋದಾಗ ‘ವಯ್’’ ಎಂಬ ಅನಿರ್ದಿಷ್ಟ ಪದ ನೆರವಿಗೆ ಬರುತ್ತದೆ. ‘ಯಾರೋ, ಏನೋ’ ಎಂಬುದು ಅದರ ಅರ್ಥ. “ಡುಜ್ ಖವ್’ಪು’ ವಯ್’. ಪೊಙ್‌ಡಜ್ ವಿಷೊವ್”, ‘ನೌಕೆಯನ್ನು ಯಾರೋ ನಾಶಮಾಡಿದ್ದಾರೆ. ಅವರ ಹೆಸರು ನನಗೆ ಗೊತ್ತು’.

ಪ್ರಶ್ನೆಯನ್ನು ಉದ್ಧರಿಸುವುದು

ಕೇಳುವ ಕ್ರಿಯೆಯಲ್ಲಿ ಉತ್ತರ ಇನ್ನೂ ಇಲ್ಲ; ಅಲ್ಲಿ ನಾಮಪದದ ದಾರಿ ದೂರ ಸಾಗದು. ಕ್ಲಿಂಗಾನ್ ಆಗ ಪ್ರಶ್ನೆಯನ್ನು ಆಡಿದವರ ಬಾಯಲ್ಲಿದ್ದಂತೆಯೇ ಇಡುತ್ತದೆ: “ಘೊರ್ಘ್ ಮೆಜ್ ಡುಜ್? ಜಟ್ಲ್ ಯಷ್”, ‘ನೌಕೆ ಯಾವಾಗ ಹೊರಡುತ್ತದೆ? ಎಂದ ಅಧಿಕಾರಿ’. ಉದ್ಧರಿಸಿದ ಮಾತು ‘ಜಟ್ಲ್’ ಕ್ರಿಯಾಪದದ ಹಿಂದೆಯೂ ಬರಬಹುದು, ಮುಂದೆಯೂ ಬರಬಹುದು. ನಡುವೆ ಯಾವ ಜೋಡಣೆಯ ಪದವೂ ಬೇಕಿಲ್ಲ.

ಹೀಗೆ ಉದ್ಧರಿಸುವಾಗ ಸರ್ವನಾಮದ ದೃಷ್ಟಿಕೋನ ಮೂಲದಲ್ಲಿದ್ದಂತೆ ಉಳಿಯುತ್ತದೆ. ನಾನೇಕೆ ಕೋಪಗೊಂಡಿದ್ದೇನೆಂದು ಕಪ್ತಾನ ಕೇಳಿದ್ದನ್ನು ಹೇಳಲು “ಕಟ್ಲ್ ಬಿಖೆಹ್? ಜಟ್ಲ್ ಹೊಡ್” ಎನ್ನಬೇಕು, ಅದು ಪದಶಃ ‘ನೀನೇಕೆ ಕೋಪಗೊಂಡಿದ್ದೀಯ? ಎಂದ ಕಪ್ತಾನ’. ‘ನೀನ್ಯಾಕೆ ಸಿಟ್ಟಾಗಿದ್ದೀಯ ಅಂತ ಕೇಳಿದರು’ ಎನ್ನುವ ಆಡುಗನ್ನಡಕ್ಕೆ ಇದು ಸಹಜವಾಗಿಯೇ ತೋರುತ್ತದೆ. ಇಂಗ್ಲಿಷ್ ಮಾತಾಡುವವರಿಗೆ ‘ನೀನು’ ಇದ್ದಲ್ಲಿ ‘ನಾನು’ ತರುವ ಅಭ್ಯಾಸವನ್ನು ಬಿಡಬೇಕಾಗುತ್ತದೆ.

ಇದೇ ದಾರಿಯ ಮುಂದುವರಿಕೆಯಾಗಿ ತಿಳಿವಿನ ಕ್ರಿಯಾಪದಗಳಿಗೂ ಪ್ರಶ್ನೆಯನ್ನು ಪಕ್ಕದಲ್ಲಿಡುವ ಕ್ರಮವಿದೆ: “ಡುಜ್ ಖವ್’ಪು’ ’ಇವ್? ವಿಷೊವ್‌ಬೆ’”, ‘ನೌಕೆಯನ್ನು ಯಾರು ನಾಶಮಾಡಿದರು? ನನಗದು ಗೊತ್ತಿಲ್ಲ’. ಇಲ್ಲಿ ‘’ಎ’’ ಇಲ್ಲದಿರುವುದೇ ಮುಖ್ಯ. ಎರಡೂ ಸ್ವತಂತ್ರ ವಾಕ್ಯಗಳು. ಅವುಗಳ ನಂಟನ್ನು ಕಟ್ಟಿಕೊಳ್ಳುವವರು ಕೇಳುಗರು. ಆಜ್ಞೆಯೂ ಹೀಗೆಯೇ: “ಡುಜ್ ಖವ್’ಪು’ ’ಇವ್? ಯಿಜಙ್!”, ‘ನೌಕೆಯನ್ನು ಯಾರು ನಾಶಮಾಡಿದರು? ಉತ್ತರಿಸು!’ ನೇರವಾಗಿ, ಚುಟುಕಾಗಿ ಮಾತಾಡುವ ಯೋಧಸಮಾಜದ ಭಾಷೆಯೆಂದು ಕಲ್ಪಿತವಾದ ಕ್ಲಿಂಗಾನ್‌ಗೆ ಈ ಧಾಟಿ ಒಪ್ಪುತ್ತದೆ. ಆ ಭಾಷೆಯಲ್ಲಿ ಎದುರಾದವರನ್ನು ಮಾತಾಡಿಸುವ “ನುಕ್‌ನೆಹ್” ಎಂಬ ಪ್ರಸಿದ್ಧ ನುಡಿಯೂ ‘ನಿನಗೇನು ಬೇಕು?’ ಎಂಬ ನೇರ ಪ್ರಶ್ನೆಯೇ.

ಹೌದೋ ಅಲ್ಲವೋ

‘ಕಪ್ತಾನ ಶರಣಾಗುತ್ತಾನೋ ಇಲ್ಲವೋ ಗೊತ್ತಿಲ್ಲ’ ಎಂಬ ಬಗೆಯ ಮಾತಿಗೆ ನಾಮಪದವೊಂದನ್ನು ಹುಡುಕುವುದು ಇನ್ನೂ ಕಷ್ಟ. “ಜೆಘ್ ಹೊಡ್ ’ಎ’ ವಿಷೊವ್‌ಬೆ’” ಎಂದರೆ ವ್ಯಾಕರಣ ಸರಿ, ಅರ್ಥ ಬೇರೆ. ಅದು ‘ಕಪ್ತಾನ ಶರಣಾಗುತ್ತಾನೆಂಬುದು ನನಗೆ ತಿಳಿದಿಲ್ಲ’ ಎನ್ನುತ್ತದೆ. ಶರಣಾಗತಿ ಖಚಿತ, ತಿಳಿಯದಿರುವುದು ತನಗೆ ಮಾತ್ರ ಎಂಬ ಛಾಯೆ ಅಲ್ಲಿ ಬರುತ್ತದೆ. ಎರಡು ಸಾಧ್ಯತೆಗಳನ್ನೂ ಸಮವಾಗಿ ತೆರೆದಿಡಲು ‘ಬಹುಶಃ’ ಎಂಬರ್ಥದ ‘ಚಕ್’ ಬಳಸಿ “ಚಕ್ ಜೆಘ್ ಹೊಡ್, ಚಕ್ ಜೆಘ್‌ಬೆ’. ಜಿಷೊವ್‌ಬೆ’” ಎನ್ನುವುದು ಒಂದು ಕ್ರಮ. “ಜೆಘ್’ಅ’ ಹೊಡ್? ಜಿಷೊವ್‌ಬೆ’” ಎಂದು ಪ್ರಶ್ನೆಯನ್ನು ಪಕ್ಕದಲ್ಲಿಡುವುದು ಇನ್ನೊಂದು. ವಾಕ್ಯಗಳನ್ನು ‘ಅಥವಾ’ ಎಂದು ಬೆಸೆಯುವ ‘ಪಘ್’ ಅವ್ಯಯದಿಂದ “ಜೆಘ್ ಹೊಡ್ ಪಘ್ ಜೆಘ್‌ಬೆ’” ಎನ್ನುವುದು ಮೂರನೆಯದು. 1991ರ ‘ಸ್ಟಾರ್ ಟ್ರೆಕ್ 6’ ಚಿತ್ರದಲ್ಲಿ ಹ್ಯಾಮ್ಲೆಟ್‌ನ ಪ್ರಸಿದ್ಧ ದ್ವಂದ್ವವನ್ನು ಕ್ಲಿಂಗಾನ್‌ಗೆ ತಂದಾಗ ಓಕ್ರಾಂಡ್ ಆಶ್ರಯಿಸಿದ್ದು ಇದೇ ‘ಪಘ್’ ಪದವನ್ನು. ಪರಿಶೀಲನೆಗೆ ಆಜ್ಞಾಪಿಸುವಾಗ ‘ಖಚಿತಪಡಿಸು’ ಎಂಬರ್ಥದ ‘’ಒಲ್’ ಧಾತುವಿದೆ: “ಜೆಘ್‌ಪು’ ಹೊಡ್ ’ಎ’ ಯಿ’ಒಲ್!”, ‘ಕಪ್ತಾನ ಶರಣಾಗಿರುವುದನ್ನು ಖಚಿತಪಡಿಸು!’ ಇಲ್ಲಿ ‘’ಎ’’ಯ ಹಿಂದೆ ಹೇಳಿಕೆ ಇರುವುದರಿಂದ ಆಕ್ಷೇಪಕ್ಕೆ ಆಸ್ಪದವಿಲ್ಲ.

ಇತರ ಭಾಷೆಗಳ ಬೆಳಕಿನಲ್ಲಿ

ಲ್ಯಾಟಿನ್ ಪರೋಕ್ಷ ಪ್ರಶ್ನೆಯ ಕ್ರಿಯಾಪದವನ್ನು ಸಂಭಾವನಾರ್ಥಕ್ಕೆ ಬದಲಿಸಿ, ಇದು ಕೇಳಿದ ಪ್ರಶ್ನೆಯಲ್ಲ ಎಂದು ತೋರಿಸುತ್ತದೆ. ಜಪಾನಿ ಭಾಷೆಯಲ್ಲಿ ನೇರ ಪ್ರಶ್ನೆಯ ಕೊನೆಗೆ ಬರುವ ‘ಕಾ’ ಎಂಬ ಅವ್ಯಯವೇ ಪರೋಕ್ಷ ಪ್ರಶ್ನೆಯ ಕೊನೆಗೂ ನಿಂತು ಅದನ್ನು ಮುಂದಿನ ಕ್ರಿಯಾಪದಕ್ಕೆ ಒಪ್ಪಿಸುತ್ತದೆ. ಕನ್ನಡಕ್ಕೆ ಎರಡು ಅನುಕೂಲಗಳಿವೆ: ‘ಎಂದು, ಅಂತ, ಎಂಬುದು’ ಎಂಬ ಉದ್ಧರಣ ಪದಗಳು, ಮತ್ತು ‘ಎಲ್ಲಿಗೆ ಹೋದನೋ ಗೊತ್ತಿಲ್ಲ’, ‘ಬರುತ್ತಾಳೋ ಇಲ್ಲವೋ ನೋಡು’ ಎಂಬಲ್ಲಿನ ಓಕಾರ. ಈ ಓಕಾರ ಪ್ರಶ್ನೆಯೊಳಗಿನ ಸಂದೇಹವನ್ನು ಉಳಿಸಿಕೊಂಡೇ, ಉತ್ತರ ಕೊಡಬೇಕೆಂಬ ಒತ್ತಾಯವನ್ನು ತೆಗೆದುಹಾಕುತ್ತದೆ. ಕ್ಲಿಂಗಾನ್‌ನಲ್ಲಿ ಖಾಲಿಯಿರುವುದು ಸರಿಸುಮಾರು ಇದೇ ಸ್ಥಾನ.

ಕಟ್ಟಿದ ಭಾಷೆಗಳಲ್ಲೂ ಪರಿಹಾರಗಳು ಭಿನ್ನ. ಜಾಮೆನ್‌ಹಾಫ್ 1887ರಲ್ಲಿ ಪ್ರಕಟಿಸಿದ ಎಸ್ಪೆರಾಂಟೊದಲ್ಲಿ ‘ಚು’ ಎಂಬ ಪದವೇ ನೇರ ಪ್ರಶ್ನೆಗೂ ‘ಹೌದೋ ಅಲ್ಲವೋ’ ಎಂಬ ಪರೋಕ್ಷ ಪ್ರಶ್ನೆಗೂ ಸಲ್ಲುತ್ತದೆ. ಐರೋಪ್ಯ ಭಾಷೆಗಳ ಜಾಡಿನಲ್ಲಿ ನಡೆದ ಭಾಷೆಗೆ ಅದು ಸಹಜ. 2009ರ ‘ಅವತಾರ್’ ಚಿತ್ರಕ್ಕಾಗಿ ಪಾಲ್ ಫ್ರೋಮರ್ ರೂಪಿಸಿದ ನಾವಿ ಭಾಷೆಯ ದಾರಿ ಇನ್ನೂ ಗಮನಾರ್ಹ. ಅಲ್ಲಿ ‘ಉತ್ತರ’ ಎಂಬರ್ಥದ ನಾಮಪದವನ್ನು ಮುಂದಿಟ್ಟು ಅದಕ್ಕೆ ನೇರ ಪ್ರಶ್ನೆಯನ್ನು ಜೋಡಿಸುತ್ತಾರೆ. ‘ಯಾರು ಬಂದರೆಂದು ಹೇಳು’ ಎಂಬುದು ‘ಯಾರು ಬಂದರು ಎಂಬುದರ ಉತ್ತರವನ್ನು ಹೇಳು’ ಎಂಬಂತೆ ಮೂಡುತ್ತದೆ. ಕಾರ್ಟುನೆನ್ ಪ್ರತಿಪಾದಿಸಿದ ಅರ್ಥವಿಶ್ಲೇಷಣೆ ಇಲ್ಲಿ ವ್ಯಾಕರಣದ ನಿಯಮವಾಗಿಯೇ ಕಾಣಿಸಿಕೊಂಡಿದೆ. ಕ್ಲಿಂಗಾನ್ ಲೇಖಕರು ಹೆಸರು, ಸ್ಥಳ, ಕಾರಣ, ವಿಧಾನ ಎಂದು ಬಿಡಿಬಿಡಿಯಾಗಿ ಮಾಡುವುದನ್ನು ನಾವಿ ಒಂದೇ ಪದದಿಂದ ಸಾಧಿಸುತ್ತದೆ.

ಅನುವಾದ, ಬೋಧನೆ ಮತ್ತು ಮಹತ್ವ

ಚಿತ್ರಸಂಭಾಷಣೆಯಲ್ಲಿ ಪರೋಕ್ಷ ಪ್ರಶ್ನೆಯನ್ನು ತಪ್ಪಿಸುವುದು ಕಷ್ಟವಲ್ಲ. ಸಾಹಿತ್ಯವನ್ನು ತರಹೊರಟಾಗ ಅದು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಕ್ಲಿಂಗಾನ್ ಲ್ಯಾಂಗ್ವೇಜ್ ಇನ್‌ಸ್ಟಿಟ್ಯೂಟ್ ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದ ಅನುವಾದವನ್ನು 1996ರಲ್ಲಿ ಹೊರತಂದಿತು. 2000ದಲ್ಲಿ ಅದು ದೊಡ್ಡ ಪ್ರಕಾಶನದ ಮೂಲಕ ಮತ್ತೆ ಬಂತು. 2010ರಲ್ಲಿ ದಿ ಹೇಗ್ ನಗರದಲ್ಲಿ ‘’ಉ’’ ಎಂಬ ಪೂರ್ಣಪ್ರಮಾಣದ ಕ್ಲಿಂಗಾನ್ ಆಪೆರಾ ರಂಗವೇರಿತು. 2017ರಲ್ಲಿ ‘ಸ್ಟಾರ್ ಟ್ರೆಕ್: ಡಿಸ್ಕವರಿ’ ಸರಣಿಗೆ ನೆಟ್‌ಫ್ಲಿಕ್ಸ್ ಕ್ಲಿಂಗಾನ್ ಉಪಶೀರ್ಷಿಕೆಗಳನ್ನು ಕೊಟ್ಟಿತು, 2018ರಲ್ಲಿ ಡುಯೊಲಿಂಗೊ ಪಾಠಗಳನ್ನು ತೆರೆಯಿತು. ಮೂಲದ ಒಂದು ಸಂಕೀರ್ಣ ವಾಕ್ಯವನ್ನು ಎರಡಾಗಿ ಒಡೆಯುವುದೋ, ನಾಮಪದವಾಗಿ ಸಂಗ್ರಹಿಸುವುದೋ, ಉದ್ಧರಿಸುವುದೋ ಎಂಬ ಆಯ್ಕೆಯಲ್ಲಿ ಅನುವಾದಕರ ಶೈಲಿ ರೂಪುಗೊಳ್ಳುತ್ತದೆ.

ಕಲಿಯುವವರಿಗೆ ಈ ಅಧ್ಯಾಯ ವ್ಯಾಕರಣಕ್ಕಿಂತ ಹೆಚ್ಚಿನದನ್ನು ಕಲಿಸುತ್ತದೆ. ಮಾತೃಭಾಷೆಯ ವಾಕ್ಯಕ್ಕೆ ಪದಕ್ಕೆ ಪದವಿಡುವ ಪ್ರಯತ್ನ ಇಲ್ಲಿ ಸೋಲುತ್ತದೆ. ಹೇಳಬೇಕಾದ ಅರ್ಥವನ್ನೇ ಬಿಡಿಸಿ ನೋಡಬೇಕಾಗುತ್ತದೆ. ತಿಳಿದಿರುವುದು ಹೆಸರೋ, ಮುಖವೋ, ಕಾರಣವೋ? ಸಂಗತಿ ಖಚಿತವೋ, ಅದೇ ಸಂದೇಹದಲ್ಲಿದೆಯೋ? ಕೇಳಿದ ಮಾತು ಯಾರದು? ಇವನ್ನು ತೀರ್ಮಾನಿಸದೆ ಒಂದು ವಾಕ್ಯವೂ ಮುಂದೆ ಹೋಗದು. ರಚನೆಯೊಂದು ಇಲ್ಲದಿರುವ ಭಾಷೆಯನ್ನು ಬಡ ಭಾಷೆ ಎನ್ನುವ ರೂಢಿ ಇದೆ. ಕ್ಲಿಂಗಾನ್‌ನ ಅನುಭವ ಆ ರೂಢಿಯನ್ನು ಒಪ್ಪುವುದಿಲ್ಲ: ಮೀಸಲು ರಚನೆ ಇಲ್ಲದ ಕಡೆ ಹತ್ತು ನಿಖರವಾದ ರಚನೆಗಳು ಬೆಳೆದಿವೆ, ಅವುಗಳಲ್ಲಿ ಪ್ರತಿಯೊಂದೂ ‘ಗೊತ್ತು’ ಎಂಬ ಒಂದೇ ಪದದಡಿ ನಾವು ಬೆರೆಸಿಡುವ ತಿಳಿವಿನ ಬಗೆಗಳನ್ನು ಬೇರೆಬೇರೆಯಾಗಿ ಹೇಳುತ್ತದೆ.